ಭರತ ಬರುವ ಹೊತ್ತು

ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಗಂಗಾಧರ ಯಾರನ್ನೂ ನಂಬುವವನಲ್ಲ. ಇದು ಅವನ ಮೇಲೆ ಊರು ಹೊರಿಸಿದ ಅಪವಾದವಲ್ಲ, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಹಾಲಿನವನು ಹಾಲು ಅಳೆಯುವಾಗ ಅವನು ಅಳತೆಯ ಡಬ್ಬಿಯ ಒಳಗೆ ಇಣುಕಿ ನೋಡುತ್ತಾನೆ. ಕ್ಷೌರಕ್ಕೆ ಕೂತರೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವುದಿಲ್ಲ, ಕ್ಷೌರ ಮಾಡುವವನ ಮುಖ ನೋಡುತ್ತಾನೆ. ಮದುವೆ ಮನೆಯಲ್ಲಿ ಯಾರಾದರೂ ಎರಡನೇ ಸಲ ಹೋಳಿಗೆ ಹಾಕಲು ಬಂದರೆ, ಇವನಿಗೆ ನನ್ನಿಂದ ಏನೋ ಕೆಲಸ ಆಗಬೇಕಾಗಿದೆ ಎಂದುಕೊಳ್ಳುತ್ತಾನೆ. ಇಷ್ಟು ಎಚ್ಚರದಿಂದ ಇರುವುದರಿಂದಲೇ ತನಗೆ ಈವರೆಗೆ ಯಾರೂ ಟೋಪಿ ಹಾಕಿಲ್ಲ ಎಂಬುದು ಅವನ ನಂಬಿಕೆ. ಅವನಿಗಿದ್ದ ಒಂದೇ ನಂಬಿಕೆ ಅದು.

ಅವನ ಹೆಂಡತಿ ಶಾಂಭವಿ ಹಗರಿಬೊಮ್ಮನಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಅವಳಿಗೆ ಹಳೆಯ ಗೋಡೆ ಕಂಡರೆ ಜೀವ. ಶಾಲೆಯ ಮಕ್ಕಳನ್ನು ಕೋಗಳಿಯ ಬಸದಿಗೆ ಕರೆದುಕೊಂಡು ಹೋದರೆ ಮಕ್ಕಳು ಬುತ್ತಿ ಬಿಚ್ಚಿ ಉಂಡು ಮುಗಿಸುವವರೆಗೂ ಅವಳು ಒಂದೇ ಕಂಬದ ಮುಂದೆ ನಿಂತಿರುತ್ತಾಳೆ. ಸಮುದ್ರದ ಬಂಡೆಯ ಮೇಲೆ ಪಾಳು ಬಿದ್ದ ಕೋಟೆಯೊಂದನ್ನು ನೋಡಬೇಕೆಂದು ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಈ ಸಲದ ದಸರಾ ರಜೆಗೆ ಗಂಗಾಧರ ಒಪ್ಪಿದ. ಒಪ್ಪಿದ್ದಕ್ಕೆ ಕಾರಣ ಹೆಂಡತಿಯಲ್ಲ, ಪಕ್ಕದ ಮನೆಯ ಮಂಜಣ್ಣ.

ಮಂಜಣ್ಣ ಹಿಂದಿನ ವರ್ಷ ಕರಾವಳಿಗೆ ಹೋಗಿ ಬಂದಿದ್ದ. "ಅಲ್ಲಿಯವ್ರು ಭಾಳ ಪಾಕಡಾ ಅದಾರ ಗಂಗಾಧರಪ್ಪಾರ," ಎಂದು ಓಣಿಯ ಮಂದಿಯ ಮುಂದೆ ಹೇಳಿದ. "ದೋಣ್ಯಾಗ ಕುಂದ್ರಿಸ್ತಾರ, ನಡುನೀರಾಗ ನಿಂದ್ರಿಸಿ ಮತ್ತ ರೊಕ್ಕ ಕೇಳ್ತಾರ. ನಿಮಗೂ ಬಿಡಂಗಿಲ್ಲ ಅವ್ರು."

"ನೀವು ಮೋಸ ಹೋಗೋ ಪೈಕಿ, ಹೋದ್ರಿ," ಎಂದ ಗಂಗಾಧರ. "ನಾನು ಹೋಗಿ ಬರ್ತೀನಿ, ಆಮ್ಯಾಲ ಮಾತಾಡಾಣ."

ಹೀಗೆ ಮಾತು ಕೊಟ್ಟ ಮೇಲೆ ಹೋಗದೆ ಇರುವಂತಿರಲಿಲ್ಲ. ಹಲವಾಗಲಿನಿಂದ ಅತ್ತೆ ಉಚ್ಚಂಗೆಮ್ಮನೂ ಬಂದು ಸೇರಿದಳು. ಹುಟ್ಟಿದಾಗಿನಿಂದ ತುಂಗಭದ್ರೆಯ ದಂಡೆಯಲ್ಲೇ ಬೆಳೆದವಳು. "ಸಮುದ್ರ ಸಮುದ್ರ ಅಂತಾರ, ನಮ್ಮ ಹೊಳಿಗಿಂತ ಏನು ದೊಡ್ಡದೈತಿ, ನೋಡೇ ಬಿಡಾಣ," ಎಂದು ಎಲೆ ಅಡಿಕೆ ಚೀಲ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಬಾಡಿಗೆ ಡ್ರೈವರನ್ನು ನಂಬದ ಗಂಗಾಧರ ತಾನೇ ಕಾರು ಓಡಿಸಿದ. ಫೋನಿನ ಮ್ಯಾಪಿನಲ್ಲಿ ದಾರಿ ಹೇಳುವ ಹೆಣ್ಣುಮಗಳನ್ನೂ ಅವನು ನಂಬಲಿಲ್ಲ. ಅವಳು ಬಲಕ್ಕೆ ಅಂದಾಗ ಎಡಕ್ಕೆ ತಿರುಗಿಸಿ, ಘಟ್ಟದಲ್ಲಿ ಅಡ್ಡಾಡಿ, ಮಧ್ಯಾಹ್ನ ಮುಟ್ಟಬೇಕಾದವರು ಕತ್ತಲಾದ ಮೇಲೆ ಮುಟ್ಟಿದರು. ಕುಮಟಾದ ಆಚೆ ಒಂದು ಸಣ್ಣ ಊರು. ಹೆಸರು ಇಲ್ಲಿ ಬೇಡ. ಅಲ್ಲಿನವರು ಒಳ್ಳೆಯ ಮಂದಿ, ನಮ್ಮ ಗಂಗಾಧರನ ದೆಸೆಯಿಂದ ಅವರ ಹೆಸರು ಕೆಡುವುದು ಸರಿಯಲ್ಲ.

ಮರುದಿನ ಬೆಳಿಗ್ಗೆ, ಅವರು ಇಳಿದುಕೊಂಡಿದ್ದ ಮನೆಯ ಒಡತಿ ಇಡ್ಲಿ ತಂದಿಟ್ಟಳು. ಗಂಗಾಧರ ಪ್ರತಿಯೊಂದು ಇಡ್ಲಿಯನ್ನೂ ಮೂಸಿ, ಮೀನು ಸೇರಿಲ್ಲ ಎಂದು ಖಾತ್ರಿ ಮಾಡಿಕೊಂಡು ತಿಂದ. ಹೆಂಗಸರಿಬ್ಬರೂ ಒಳಗೆ ತಲೆ ಬಾಚಿಕೊಳ್ಳುತ್ತಿದ್ದರು.

"ಕೋಟೆ ನೋಡೂಕೆ ಹೋಗ್ತ್ರಾ? ಹೋಗಿ, ಚಲೋ ಅದೆ," ಎಂದಳು ಒಡತಿ. "ಆದ್ರೆ ಸಂಜೆಗೆ ಭರತ ಬರ್ತದೆ. ಅದ್ರೊಳಗೆ ಈಚೆ ಬಂದ್ಬಿಡಿ."

ಕಡಲ ತೀರದವರು ಸಮುದ್ರದ ನೀರು ಏರಿ ಬರುವುದಕ್ಕೆ ಭರತ ಎನ್ನುತ್ತಾರೆ, ಇಳಿದು ಹೋಗುವುದಕ್ಕೆ ಇಳಿತ ಎನ್ನುತ್ತಾರೆ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಲ್ಲಿ ತೊಟ್ಟಿಲಲ್ಲಿರುವ ಕೂಸಿಗೂ ಇದು ಗೊತ್ತಿರುವುದರಿಂದ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಕೊಟ್ಟೂರಿನಲ್ಲಿ ಭರತ ಅಂದರೆ ಮನುಷ್ಯನ ಹೆಸರು.

"ಯಾವ ಭರತ?" ಎಂದ ಗಂಗಾಧರ.

"ಯಾವ್ದು ಅಂದ್ರೆ? ದಿನಾ ಬರೂದೇಯ."

"ಬಂದು ಏನ್ ಮಾಡ್ತಾನ?"

"ದಾರಿ ಕಟ್ಟಿ ಹಾಕ್ತದೆ. ಆಮೇಲೆ ನೀವು ಎಂತ ಮಾಡಿದ್ರೂ ಈಚೆ ಬರೂಕಾಗೂದಿಲ್ಲ," ಎಂದು ಅವಳು ಚಟ್ನಿ ತರಲು ಒಳಗೆ ಹೋದಳು.

ಗಂಗಾಧರನ ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಮಂಜಣ್ಣ ಹೇಳಿದ್ದು ಸುಳ್ಳಲ್ಲ, ಇಲ್ಲಿ ಒಬ್ಬ ದಾರಿ ಕಟ್ಟುವವನೇ ಇದ್ದಾನೆ. ಅದೂ ದಿನಾ ಬರುತ್ತಾನೆ. ಆ ಹೆಂಗಸು ಅವನನ್ನು ಅದು ಎಂದು ಕರೆದದ್ದನ್ನೂ ಗಂಗಾಧರ ಗಮನಿಸಿದ. ಮನುಷ್ಯನನ್ನು ಅದು ಎನ್ನಬೇಕಾದರೆ ಅವನು ಎಂಥ ಹಲ್ಕಾ ಇರಬೇಕು.

ಹೆಂಗಸರು ಹೆದರಬಾರದೆಂದು ಅವನು ಏನೂ ಹೇಳಲಿಲ್ಲ. ದಂಡೆಗೆ ಬಂದ ಮೇಲೆ ಅವರಿಬ್ಬರೂ ಕಪ್ಪೆಚಿಪ್ಪು ಆರಿಸುತ್ತ ಹೋದರು. ಇವನು ತೆಂಗಿನ ಮರದ ಕೆಳಗಿದ್ದ ಚಹದಂಗಡಿಗೆ ಹೋಗಿ, ಅಂಗಡಿಯ ಮುದುಕಿಯನ್ನು ಮೆಲ್ಲಗೆ ಮಾತಿಗೆಳೆದ.

"ಈ ಭರತ ಅನ್ನಾವ ಎಷ್ಟು ವರ್ಷದಿಂದ ಅದಾನ ಇಲ್ಲಿ?"

"ನಮ್ಮ ಅಜ್ಜಿ ಕಾಲದಿಂದ ಅದೆಯಪ್ಪ."

ಹಾಗಾದರೆ ವಂಶಪಾರಂಪರ್ಯದ ದಂಧೆ, ಎಂದುಕೊಂಡ ಗಂಗಾಧರ. "ಭಾಳ ಜೋರದಾನೇನು?"

"ದಿನಾ ಜೋರಿಲ್ಲ. ಹುಣ್ಣಿಮೆ ಅಮಾಸೆಗೆ ನೋಡ್ಬೇಕು. ಮಳೆಗಾಲದಲ್ಲಿ ನನ್ನ ಮಗನ ದೋಣಿ ಹೊತ್ಕೊಂಡು ಹೋಯ್ತು. ಆಚೆ ಮನೆಯವರ ಕಂಪೌಂಡು ಕೆಡವಿ ಹಾಕ್ತು."

"ಸರ್ಕಾರದವ್ರು ಸುಮ್ನ ಅದಾರೇನು?"

"ಸುಮ್ನೆ ಎಲ್ಲದಾರೆ? ಲಾರಿ ಲಾರಿ ಕಲ್ಲು ತಂದು ಹಾಕಿದ್ರು. ಒಂದು ವರ್ಷ ತಡೀತು, ಅಷ್ಟೇಯ. ಆ ಕಲ್ಲನ್ನೂ ಎಳ್ಕೊಂಡು ಹೋಯ್ತು."

ಸರ್ಕಾರವೇ ಕಲ್ಲು ಹೊಡೆದರೂ ಬಗ್ಗದವನು. ಗಂಗಾಧರ ಚಹ ಅರ್ಧಕ್ಕೇ ಬಿಟ್ಟು ಎದ್ದ. ರಸ್ತೆಯಂಚಿಗೆ ಒಂದು ಪೊಲೀಸ್ ಚೌಕಿ ಇತ್ತು. ಒಳಗೆ ಒಬ್ಬ ಪೊಲೀಸಪ್ಪ ಪೇಪರು ಓದುತ್ತಿದ್ದ.

"ಸಾಹೇಬ್ರ, ಭರತನ ಮ್ಯಾಲ ಒಂದು ಕಂಪ್ಲೇಂಟ್ ಕೊಡಬೇಕಾಗಿತ್ತು."

ಪೊಲೀಸಪ್ಪ ಪೇಪರಿನಿಂದ ಕಣ್ಣೆತ್ತಿ ಇವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಭರತದ ಮೇಲಾ? ಎಂತ ಅಂತ ಕಂಪ್ಲೇಂಟು?"

"ದಾರಿ ಕಟ್ಟತಾನಂತಲ್ರಿ."

"ಕಟ್ತದೆ. ಅದಕ್ಕೆ ನಾವು ಎಂತ ಮಾಡೂಕಾಗ್ತದೆ ಮಾರಾಯ್ರೆ? ಅದು ಬರೂ ಹೊತ್ತಿಗೆ ನೀವು ಅಲ್ಲಿ ಇರ್ಬಾರ್ದು. ಹೊತ್ತು ಹೊರಗೆ ಬೋರ್ಡಿನ ಮೇಲೆ ಬರ್ದಿದೆ, ಓದ್ಕೊಂಡು ಹೋಗಿ," ಎಂದು ಪೊಲೀಸಪ್ಪ ಪೇಪರಿನೊಳಗೆ ಇಳಿದ.

ಗಂಗಾಧರ ಹೊರಗೆ ಬಂದು ನೋಡಿದ. ನಿಜವಾಗಿಯೂ ಬೋರ್ಡಿತ್ತು. ಸೀಮೆಸುಣ್ಣದಲ್ಲಿ ಅಂದಿನ ಭರತದ ವೇಳೆ ಬರೆದು, ಕೋಟೆಗೆ ಹೋದವರು ಅದಕ್ಕೆ ಮೊದಲು ಮರಳತಕ್ಕದ್ದು ಎಂದು ಕೆಳಗೆ ಅಪ್ಪಣೆ ಕೊಟ್ಟಿದ್ದರು. ಗಂಗಾಧರ ತನ್ನ ಆಯುಷ್ಯದಲ್ಲಿ ಹಲವು ಬಗೆಯ ಪುಂಡರನ್ನು ಕಂಡಿದ್ದ. ತಾನು ಬರುವ ವೇಳೆಯನ್ನು ಪೊಲೀಸರಿಂದಲೇ ಬರೆಸಿ ಹಾಕುವವನನ್ನು ಕಂಡಿರಲಿಲ್ಲ.

ಕೂಡಲೇ ಊರಿಗೆ ಎರಡು ಫೋನು ಮಾಡಿದ. ಮೊದಲನೆಯದು ಮಂಜಣ್ಣನಿಗೆ. "ಮಂಜಣ್ಣ, ನೀವು ಹೇಳಿದ್ದು ಖರೇ ಐತಿ. ಇಲ್ಲಿ ಭರತ ಅಂತ ಒಬ್ಬಾವ ಅದಾನ. ಪೊಲೀಸರೂ ಅವನ ಕೈಯಾಗ ಅದಾರ. ನನಗ ಏನರ ಆದ್ರ ಈ ಹೆಸರು ನೆನಪಿರಲಿ." ಎರಡನೆಯದು, ಇದೇ ಮಾತು, ಶಾಂಭವಿಯ ತಮ್ಮ ಭೀಮೇಶನಿಗೆ. ಭೀಮೇಶ ಹಲವಾಗಲಿನ ಪೈಲ್ವಾನ. ಕುಸ್ತಿಯಲ್ಲಿ ಎದುರಿಗೆ ನಿಲ್ಲುವವರು ಸಿಗದೆ ಬೇಸತ್ತು ಟ್ರ್ಯಾಕ್ಟರು ಹೊಡೆಯುತ್ತಿದ್ದವನು.

"ಅಕ್ಕ, ಅವ್ವ ಇಬ್ರೂ ಅಲ್ಲೇ ಅದಾರೇನು ಮಾವ?" ಎಂದು ಕೇಳಿದ ಭೀಮೇಶ. ಅದಾರ ಎಂದ ಗಂಗಾಧರ. "ಹಂಗಾರ ನೀವು ಅವಂಗ ಏನೂ ಕೊಡಬ್ಯಾಡ್ರಿ. ನಾವು ಬರ್ತೀವಿ," ಎಂದು ಭೀಮೇಶ ಫೋನು ಇಟ್ಟ.

ಈ ಬೆಂಬಲ ಸಿಕ್ಕಿದ್ದೇ ಗಂಗಾಧರನಿಗೆ ಎದೆ ಸೆಟೆಯಿತು. ಬೋರ್ಡು ನೋಡಿ ಓಡಿ ಹೋಗುವವನು ತಾನಲ್ಲ. ಬರಲಿ ಭರತ, ಮುಖಾಮುಖಿ ಮಾತಾಡೋಣ ಎಂದು ನಿರ್ಧಾರ ಮಾಡಿದ.

ಮಧ್ಯಾಹ್ನ ಮೂವರೂ ಕೋಟೆಗೆ ನಡೆದರು. ದಂಡೆಯಿಂದ ಬಂಡೆಯವರೆಗೆ ಮರಳಿನ ದಾರಿ ಒಣಗಿ ಬಿದ್ದಿತ್ತು. ಬಂಡೆಗಳು ಎಮ್ಮೆಗಳ ಹಾಗೆ ಕಪ್ಪಗೆ ಮಲಗಿದ್ದವು, ಅವುಗಳ ಮೇಲೆ ಕೆಂಪು ಚಿರೆಕಲ್ಲಿನ ಗೋಡೆ. ಅರ್ಧ ಗೋಡೆ ಬಿದ್ದಿತ್ತು, ಉಳಿದರ್ಧವನ್ನು ಆಲದ ಬೇರು ಹಿಡಿದುಕೊಂಡಿತ್ತು. ಒಳಗೆ ಒಂದು ಬಾವಿ, ಸುತ್ತ ಉಪ್ಪು ನೀರಿದ್ದರೂ ಅದರಲ್ಲಿ ಸಿಹಿ ನೀರು. ಬುರುಜಿನ ತುದಿಯಲ್ಲಿ ನಿಂತರೆ ಕೆಳಗೆ ಬಂಡೆಯ ಸೀಳಿನೊಳಗೆ ತೆರೆ ನುಗ್ಗಿ ಹಾಲಿನಂತೆ ಒಡೆಯುತ್ತಿತ್ತು, ಮೇಲೆ ಹದ್ದೊಂದು ರೆಕ್ಕೆ ಅಲುಗಿಸದೆ ನಿಂತಿತ್ತು. ಶಾಂಭವಿ ಗೋಡೆಯ ಮೇಲೆ ಅಂಗೈ ಇಟ್ಟು ನಿಂತುಬಿಟ್ಟಳು. ಉಚ್ಚಂಗೆಮ್ಮ ಬಹಳ ಹೊತ್ತು ಕಡಲನ್ನೇ ನೋಡಿ, "ಆಚಿ ದಂಡಿನೇ ಇಲ್ಲಲ್ಲ," ಎಂದು ಒಂದೇ ಮಾತು ಹೇಳಿದಳು. ಗಂಗಾಧರ ಮಾತ್ರ ಒಂದು ಕೋಲು ಹುಡುಕಿಕೊಂಡು, ಕಡಲಿಗೆ ಬೆನ್ನು ಹಾಕಿ, ದಂಡೆಯ ಕಡೆ ಕಣ್ಣಿಟ್ಟು ಕೂತ. ಭರತ ಬರುವುದು ಆ ಕಡೆಯಿಂದಲೇ ಎಂದು ಅವನ ಲೆಕ್ಕ.

ಹೊತ್ತು ಇಳಿಯುವಾಗ ಒಬ್ಬ ಮೀನುಗಾರ ಸಣ್ಣ ದೋಣಿಯಲ್ಲಿ ಬಂಡೆಯ ಬುಡಕ್ಕೆ ಬಂದ. ದೇವು ಎಂದು ಅವನ ಹೆಸರು.

"ಭರತ ಶುರುವಾಯ್ತು. ಇನ್ನು ನಡ್ಕೊಂಡು ಹೋಗೂಕಾಗೂದಿಲ್ಲ. ದೋಣಿ ಹತ್ತಿ, ಬಿಟ್ಟು ಬರ್ತೆ," ಎಂದ.

"ಎಷ್ಟು ಕೊಡಬೇಕು?" ಎಂದ ಗಂಗಾಧರ.

"ಎಂತದೂ ಬೇಡ. ನಾನೂ ಆಚೆಗೇ ಹೋಗೂದು."

ಪುಕ್ಕಟೆ ಎಂದ ಮೇಲೆ ಗಂಗಾಧರನ ಸಂಶಯ ಗಟ್ಟಿಯಾಯಿತು. ಇವನು ಭರತನ ಕಡೆಯವನು, ನಡುನೀರಿಗೆ ಒಯ್ಯಲು ಬಂದಿದ್ದಾನೆ. "ನಾವು ಬರಂಗಿಲ್ಲ. ಹೋಗಿ ನಿಮ್ಮ ಭರತಗ ಹೇಳು, ಕೊಟ್ಟೂರು ಗಂಗಾಧರ ಇಲ್ಲೇ ಕುಂತಾನ ಅಂತ. ಧೈರ್ಯ ಇದ್ರ ಬರಲಿ."

"ಭರತಕ್ಕೆ ಹೇಳೂದಾ?" ಎಂದು ದೇವು ಕೇಳಿದ. ಅವನು ಈ ಮನುಷ್ಯನನ್ನೂ ಹಿಂದೆ ಮಾತು ಕೇಳಿಸದಷ್ಟು ದೂರದಲ್ಲಿ ನಿಂತಿದ್ದ ಇಬ್ಬರು ಹೆಂಗಸರನ್ನೂ ನೋಡಿ, ದೋಣಿಯನ್ನು ಸ್ವಲ್ಪ ದೂರ ಒಯ್ದು, ಅಲ್ಲೇ ಹುಟ್ಟು ಹಾಕುತ್ತ ನಿಂತ. ಗಂಗಾಧರ ಅದನ್ನು ಕಾವಲು ಎಂದು ತಿಳಿದು ದೋಣಿಯಿಂದ ಕಣ್ಣು ಕೀಳಲಿಲ್ಲ. ಕಾವಲೇ ನಿಜ, ಆದರೆ ಬೇರೆ ಬಗೆಯದು.

ಮೊದಲು ನೋಡಿದವಳು ಉಚ್ಚಂಗೆಮ್ಮ. "ಅಳಿಯಾರ, ನಾವು ಬಂದ ದಾರಿ ಎಲ್ಲಿ ಹೋತು?"

ಮರಳಿನ ದಾರಿ ಇರಲಿಲ್ಲ. ಅದಿದ್ದ ಕಡೆ ನೀರು ಎರಡೂ ಬದಿಯಿಂದ ಬಂದು ಒಂದಾಗಿತ್ತು.

"ಮ್ಯಾಲ ಡ್ಯಾಮಿನ್ಯಾಗ ನೀರು ಬಿಟ್ಟಾರ ನೋಡ್ರಿ," ಎಂದಳು ಮುದುಕಿ. "ನಮ್ಮೂರಾಗ ಹಿಂಗ ಆಗತೈತಿ. ಲಗೂನ ದಂಡಿಗೆ ಹೋಗಾಣ."

ಗಂಗಾಧರ ನಿಧಾನವಾಗಿ ಎದ್ದು ನಿಂತ. "ಅಂದ್ರ ಡ್ಯಾಮಿನ ಗೇಟೂ ಅವನ ಕೈಯಾಗ ಅದಾವು," ಎಂದ.

"ಯಾರ ಕೈಯಾಗ?" ಎಂದಳು ಶಾಂಭವಿ. ಆಗ ಅವನು ಮೊದಲ ಸಲ ಭರತನ ಕಥೆಯನ್ನು ಹೇಳಿದ. ಅವಳಿಗೆ ಪೂರ್ತಿ ಕೇಳಲು ಪುರಸತ್ತಿರಲಿಲ್ಲ, ಒಂದು ದೊಡ್ಡ ತೆರೆ ಬಂಡೆಯ ನೆತ್ತಿಯವರೆಗೆ ಹಾರಿ ಮೂವರನ್ನೂ ತೋಯಿಸಿತು. ಗಂಗಾಧರ ಅತ್ತೆಯ ಕೈಯನ್ನು ಶಾಂಭವಿಗೆ ಕೊಟ್ಟು, ದಾರಿ ಸಿಗುತ್ತದೇನೋ ನೋಡಲು ಕೆಳಗಿಳಿದ. ಮೊದಲು ಚಪ್ಪಲಿ ಹೋಯಿತು, ಆಮೇಲೆ ಕೋಲು ಹೋಯಿತು. ನೀರು ಸೊಂಟಕ್ಕೆ ಬಂತು, ಎಳೆಯತೊಡಗಿತು. ಅವನು ಬಂಡೆಯನ್ನು ತಬ್ಬಿಕೊಂಡು ದೋಣಿಯ ಕಡೆ ಕೂಗಿದ.

"ಅಣ್ಣಾ, ನಾನು ತಪ್ಪು ಮಾತಾಡಿದೆ. ನಿಮ್ಮ ಭರತನ್ನ ಕರಿಯಪ್ಪ. ನನಗ ಏನರ ಮಾಡ್ಲಿ, ಹೆಣ್ಮಕ್ಕಳನ್ನ ಬಿಡು ಅಂತ ಹೇಳು. ಎಲ್ಲದಾನ ಅವ?"

ದೇವು ಆಗಲೇ ದೋಣಿಯನ್ನು ಬುಡಕ್ಕೆ ತಂದಿದ್ದ. "ಎಲ್ಲಿ ಅಂತ ಕೇಳ್ತ್ರಾ?" ಎಂದ. "ನಿಮ್ಮ ಸೊಂಟದ ಮಟ ಬಂದದೆಯಲ್ಲ ಮಾರಾಯ್ರೆ. ಕೈ ಕೊಡಿ."

ಮೂವರನ್ನೂ ದೋಣಿಗೆ ಹತ್ತಿಸಿಕೊಂಡು ಅವನು ದಂಡೆಗೆ ತಿರುಗಿಸಿದ. ದಾರಿಯಲ್ಲಿ ಭರತ ಎಂದರೇನು, ಇಳಿತ ಎಂದರೇನು, ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಸಣ್ಣ ಕೂಸಿಗೆ ಹೇಳುವ ಹಾಗೆ ಹೇಳಿದ. ಗಂಗಾಧರ ತಲೆ ಬಗ್ಗಿಸಿ ತನ್ನ ಬರಿಗಾಲು ನೋಡುತ್ತ ಕೂತಿದ್ದ.

"ಉಬ್ಬರವಿಳಿತ," ಎಂದಳು ಶಾಂಭವಿ, ತೋಯ್ದ ಸೆರಗು ಹಿಂಡುತ್ತ. "ವರ್ಷಾ ವರ್ಷಾ ಪಾಠ ಮಾಡೀನಿ ನಾನು. ಚಂದ್ರನ ಚಿತ್ರ ಬರದು, ಬಾಣದ ಗುರುತು ಹಾಕಿ. ಒಂದು ಮಾತು ನನಗ ಹೇಳಿದ್ರ ಏನಾಗತಿತ್ತು ನಿಮಗ?"

ಅವನಿಗೆ ಹೊಳೆದದ್ದು ಬೇರೆ. "ಭೀಮೇಶ ಹೊಂಟಾನ," ಎಂದ.

ಅವನ ಫೋನು ನೀರು ಕುಡಿದು ಸುಮ್ಮನಾಗಿತ್ತು. ಶಾಂಭವಿಯ ಫೋನಿನಿಂದ ರಾತ್ರಿಯೆಲ್ಲ ಎಷ್ಟು ಸಲ ಮಾಡಿದರೂ ತಮ್ಮ ಸಿಗಲಿಲ್ಲ. ಅವನು ಆಗಲೇ ಸಿಗ್ನಲ್ ಇಲ್ಲದ ಘಟ್ಟದ ಕಾಡಿನೊಳಗೆ ಸೇರಿದ್ದ.

ಬೆಳಕು ಹರಿಯುವ ಹೊತ್ತಿಗೆ ಟ್ರಾಕ್ಸ್ ಗಾಡಿಯ ತುಂಬ ಮಂದಿ ದಂಡೆಗೆ ಬಂದಿಳಿದರು. ಮುಂದೆ ಭೀಮೇಶ, ಅವನ ಪಕ್ಕದಲ್ಲಿ ಗೆಳೆಯ ಹುಲುಗಣ್ಣ. ಹುಲುಗಣ್ಣ ಕುರಿ ಕಾಯುವವನು, ಹಿಂಡನ್ನು ಹೆಂಡತಿಗೆ ಒಪ್ಪಿಸಿ, ಹೆಗಲ ಮೇಲಿನ ಕಂಬಳಿ, ಕೈಯಲ್ಲಿನ ಕೋಲು ಸಮೇತ ಬಂದಿದ್ದ. ಚಹದಂಗಡಿಯ ಮುದುಕಿ ಆಗ ತಾನೇ ಒಲೆ ಹಚ್ಚಿದ್ದಳು.

"ಏನಬೇ, ಭರತ ಬಂದಾನೇನು?" ಎಂದ ಭೀಮೇಶ.

"ಬರ್ತಾ ಅದೆ. ಇನ್ನೊಂದು ಚೂರು ಹೊತ್ತಿಗೆ ಪೂರ್ತಿ ಬರ್ತದೆ."

"ಪೂರ್ತಿ ಅಂದ್ರ ಮಂದಿ ಕಟ್ಟಿಕೊಂಡು ಬರ್ತಾನೇನು? ಬರಲಿ. ಯಾವ ಕಡಿಂದ ಬರ್ತಾನ?"

ಮುದುಕಿ ಚಹದ ಸೌಟಿನಿಂದಲೇ ಕಡಲ ಕಡೆ ತೋರಿಸಿದಳು. ಅವರೆಲ್ಲ ನೀರಿನಂಚಿಗೆ ಹೋಗಿ, ಕೋಲು ಹಿಡಿದು, ಸಾಲಾಗಿ ಕಡಲಿಗೆ ಮುಖ ಮಾಡಿ ನಿಂತರು. ಒಬ್ಬನೂ ಅದಕ್ಕೆ ಮುಂಚೆ ಸಮುದ್ರ ಕಂಡವನಲ್ಲ. ಮೂಡಣದ ಬಿಸಿಲು ಬೆನ್ನ ಹಿಂದಿನಿಂದ ಬಂದು ತೆರೆಗಳ ಮೇಲೆ ಬೀಳುತ್ತಿತ್ತು, ಬಂಡೆಯ ಮೇಲಿನ ಕೋಟೆ ಕೆಂಪಗೆ ಹೊತ್ತಿಕೊಂಡ ಹಾಗಿತ್ತು. ಯಾತಕ್ಕೆ ಬಂದಿದ್ದೇವೆ ಎಂಬುದು ಒಂದು ಗಳಿಗೆ ಅವರಿಗೂ ಮರೆತಿರಬೇಕು.

ಗಂಗಾಧರ ಬರಿಗಾಲಲ್ಲಿ ಓಡಿ ಬಂದ. ಹಿಂದೆ ಶಾಂಭವಿ, ಅವಳ ಹಿಂದೆ ಉಚ್ಚಂಗೆಮ್ಮ.

"ಭೀಮೇಶ, ಕೋಲು ಇಳಸು. ಭರತ ಅಂದ್ರ ಮನುಷ್ಯ ಅಲ್ಲ, ನೀರು. ಸಮುದ್ರದ ನೀರು ಏರಿ ಬರೂದಕ್ಕ ಇಲ್ಲಿ ಭರತ ಅಂತಾರ."

ಭೀಮೇಶ ಮಾವನನ್ನು ನೋಡಿದ. ಕಾಲಲ್ಲಿ ಚಪ್ಪಲಿ ಇಲ್ಲ, ಮೊಣಕೈ ತರಚಿದೆ, ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಮಾವನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿ ಕೇಳಿದ. "ಎಲ್ಲೆಲ್ಲಿ ಹೊಡದಾನ ಮಾವ?"

"ಯಾರೂ ಹೊಡದಿಲ್ಲೋ. ಬಂಡೆಗಲ್ಲು ತರಚೇತಿ."

"ಹಿಂಗ ಹೇಳು ಅಂತ ಹೇಳಿಕೊಟ್ಟಾನೇನು? ಅಂಜಬ್ಯಾಡ್ರಿ. ಈಗ ನಾವು ಅದೀವಿ."

ಶಾಂಭವಿ ಚಂದ್ರನಿಂದ ಶುರು ಮಾಡಿ ವಿವರಿಸಿದಳು. ಅಕ್ಕನನ್ನೂ ಹೆದರಿಸಿದ್ದಾರೆ ಎಂದು ಭೀಮೇಶ ಹಲ್ಲು ಕಡಿದ. ದೇವು ಬಂದು ಅದನ್ನೇ ಹೇಳಿದ. ಅವನು ಭರತನ ಆಳೇ ಇರಬೇಕು. ಗಲಾಟೆ ಕೇಳಿ ಬಂದ ಪೊಲೀಸಪ್ಪನೂ ಅದನ್ನೇ ಹೇಳಿದ. ಪೊಲೀಸರು ಅವನ ಕೈಯಲ್ಲಿದ್ದಾರೆಂದು ಮಾವನೇ ಫೋನಿನಲ್ಲಿ ಹೇಳಿದ್ದನಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು ಬರುತ್ತದೆ ಎಂದರೆ ಅದನ್ನು ಒಬ್ಬನೇ ಕಲಿಸಿರಬೇಕು ಎಂದು ಭೀಮೇಶ ತೀರ್ಮಾನ ಮಾಡಿದ. ಅವನ ಜಾಗದಲ್ಲಿ ತಾನಿದ್ದರೂ ಹೀಗೇ ಅನ್ನುತ್ತಿದ್ದೆ ಎಂಬುದು ಗಂಗಾಧರನಿಗೆ ಚೆನ್ನಾಗಿ ಗೊತ್ತಿತ್ತು.

ಸಾಲು ಅಲುಗಲಿಲ್ಲ. ನೀರು ಅವರ ಪಾದಕ್ಕೆ ಬಂತು, ಮೊಳಕಾಲಿಗೆ ಬಂತು. ಹುಲುಗಣ್ಣ ಬಗ್ಗಿ ಒಂದು ಬೊಗಸೆ ಎತ್ತಿ ನಾಲಿಗೆಗೆ ಮುಟ್ಟಿಸಿ, "ಉಪ್ಪೈತಿ, ಕುರಿಗೆ ಒಂದು ಕೊಡ ಒಯ್ಯಬೇಕು," ಎಂದ. ಬಿಸಿಲು ಏರಿದ ಮೇಲೆ ನೀರು ಬಂದ ಹಾಗೆಯೇ ಹಿಂದೆ ಸರಿಯಿತು, ಮರಳಿನ ದಾರಿ ಮೆಲ್ಲಗೆ ಬೆನ್ನು ತೋರಿಸಿತು.

ಭೀಮೇಶ ಚಹದಂಗಡಿಗೆ ಬಂದು ಕೇಳಿದ. "ಎಲ್ಲಿ ಬೇ, ಭರತ ಬರಲೇ ಇಲ್ಲಲ್ಲ?"

"ಬಂದು ಹೋಯ್ತಲ್ಲ," ಎಂದಳು ಮುದುಕಿ.

ಭೀಮೇಶ ತನ್ನ ಮಂದಿಯ ಕಡೆ ತಿರುಗಿ ಮೀಸೆಯ ಮೇಲೆ ಕೈ ಆಡಿಸಿದ. "ನೋಡಿದ್ರೇನು? ನಮ್ಮನ್ನ ನೋಡಿ ಹಿಂದಕ ಹೋಗ್ಯಾನ."

ಅವರೆಲ್ಲ ಸಮಾಧಾನದಿಂದ ಚಹ ಕುಡಿದು, ಕೋಟೆ ನೋಡಿ, ಅಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಊರಿಗೆ ಹೊರಟರು. ಅವರು ಮುಟ್ಟುವುದಕ್ಕೆ ಮುಂಚೆಯೇ ಫೋಟೋ ಕೊಟ್ಟೂರು, ಹರಪನಹಳ್ಳಿ, ಹಡಗಲಿಯ ಫೋನುಗಳನ್ನೆಲ್ಲ ಮುಟ್ಟಿತ್ತು. ಕರಾವಳಿಯ ಭರತನನ್ನು ಹಲವಾಗಲಿನ ಹುಡುಗರು ಓಡಿಸಿದರಂತೆ, ಗಂಗಾಧರ ಮಾತ್ರ ಒಳಗಿಂದೊಳಗೆ ರಾಜಿ ಆಗಿದ್ದಾನಂತೆ ಎಂಬ ಸುದ್ದಿ ಅದರ ಜೊತೆಗಿತ್ತು.

ಗಂಗಾಧರ ಭಟ್ಟಿಗೆ ಬಂದವರಿಗೆಲ್ಲ ನಿಜ ಹೇಳಿ ನೋಡಿದ. ಮಂಡಕ್ಕಿಯನ್ನು ನೆಲದ ಮೇಲೆ ಸುರುವಿ, ಇದು ಸಮುದ್ರ, ಇದು ಚಂದ್ರ ಎಂದು ತೋರಿಸಿದ. ಮಂದಿ ಕೇಳಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ, ಮಂಡಕ್ಕಿ ಕಟ್ಟಿಸಿಕೊಂಡು ಹೋದರು. ಯಾರನ್ನೂ ನಂಬದವನನ್ನು ಯಾರೂ ನಂಬದೆ ಹೋದಾಗ ಹೇಗಿರುತ್ತದೆ ಎಂಬುದು ಆ ವಾರ ಅವನಿಗೆ ತಿಳಿಯಿತು. ಹಾಲಿನವನ ಡಬ್ಬಿಯೊಳಗೆ ಇಣುಕುವುದನ್ನು ಅವನು ಎರಡು ದಿನ ಬಿಟ್ಟಿದ್ದ ಎಂದು ಶಾಂಭವಿ ಹೇಳುತ್ತಾಳೆ.

ಚಳಿ ಶುರುವಾದ ಮೇಲೆ ಒಂದು ಸಂಜೆ ಮಂಜಣ್ಣ ಭಟ್ಟಿಗೆ ಬಂದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿರ ಸರಿದು ಕೂತ.

"ಗಂಗಾಧರಪ್ಪಾರ, ನಮ್ಮ ಚಂದನಾ ಕಾಲೇಜಿನ ಟೂರಿಗೆ ಹೊಂಟಾಳ. ಅದೇ ಕೋಟಿ ನೋಡಾಕ. ನಿಮಗೂ ಭರತಗೂ ಹೊಂದಾಣಿಕಿ ಐತಂತ. ಹುಡುಗ್ಯಾರಿಗೆ ತೊಂದರಿ ಕೊಡಬ್ಯಾಡ ಅಂತ ಒಂದು ಮಾತು ಹೇಳಬೇಕು ನೀವು."

ಗಂಗಾಧರ ಮಂಡಕ್ಕಿಗೆ ಕೈ ಹಾಕಿ, "ಮಂಜಣ್ಣ, ಭರತ ಅಂದ್ರ..." ಎಂದು ಶುರು ಮಾಡಿದ. ಮಂಜಣ್ಣನ ಕಣ್ಣು ಸಣ್ಣದಾದದ್ದು ಕಂಡಿತು. ಗಂಗಾಧರ ಕೈ ಹಿಂದೆ ತೆಗೆದ. ಭಟ್ಟಿಗೆ ಒಂದು ಕಟ್ಟಿಗೆ ನೂಕಿದ.

"ಹೇಳ್ತೀನಿ," ಎಂದ. "ನಿಮ್ಮ ಮಗಳಿಗೆ ಅವ ಏನೂ ಮಾಡಂಗಿಲ್ಲ. ಆದ್ರ ದೋಣಿಯಾವ ಬಂದು ಏಳ್ರಿ ಅಂದ ಕೂಡ್ಲೇ ಎದ್ದು ಬರಬೇಕು. ಯಾಕ ಅಂತ ಒಂದು ಮಾತು ಕೇಳಬಾರದು."

"ಅಷ್ಟು ಕಡಕ್ ಅದಾನೇನ್ರಿ?"

"ದಿನಕ್ಕ ಎರಡು ಸಲ ಬರ್ತಾನ. ಒಂದು ದಿನಾನೂ ತಪ್ಪಿಸಂಗಿಲ್ಲ."

ಮಂಜಣ್ಣನ ಮುಖ ಹಗುರಾಯಿತು. ಎದ್ದು ಪಂಚೆ ಸರಿಮಾಡಿಕೊಂಡ.

"ರೌಡಿ ಆದ್ರೂ ಮಾತಿನ ಮನುಷ್ಯ ಬಿಡ್ರಿ," ಎಂದು ಹೇಳಿ ಮನೆಯ ಕಡೆ ಹೊರಟ.